ಕೊಡ ಎಲ್ಲಿ ಹೋಯಿತು? ಮ್ಯಾಟ್‌ಪ್ಲಾಟ್‌ಲಿಬ್‌ಗೆ ಸ್ವಂತ ಚಿತ್ರ ಸೇರಿಸಿದಾಗ ಕಾಡುವ ದೋಷಗಳು

ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟವನ್ನು ಗ್ರಾಫ್ ಮಾಡಲು ಕೂತಿದ್ದೆ. ದಿನಕ್ಕೊಂದು ಚುಕ್ಕಿ ಇಟ್ಟು ಗೆರೆ ಎಳೆಯುವುದು ಸುಲಭ. ಆದರೆ ಗೆರೆ ಹೇಳುವುದು ಅಡಿ ಲೆಕ್ಕ ಮಾತ್ರ. ಅಣೆಕಟ್ಟೆ ಪೂರ್ತಿ ತುಂಬಿದರೆ 124.80 ಅಡಿ, ಆಗ ಒಳಗಿರುವ ನೀರು 49.45 ಟಿಎಂಸಿ. ಜಲಾಶಯ ಮೇಲೆ ಹೋದ ಹಾಗೆ ಅಗಲವಾಗುತ್ತದೆ. ಮೇಲಿನ ಹತ್ತು ಅಡಿ ಹಿಡಿಯುವ ನೀರು ತಳದ ಹತ್ತು ಅಡಿಗಿಂತ ಬಹಳ ಜಾಸ್ತಿ. ಅಡಿ ನೋಡಿ ನೀರನ್ನು ಅಂದಾಜು ಮಾಡಿದರೆ ಮೋಸ ಹೋಗುತ್ತೇವೆ. ಅದಕ್ಕೇ ಪ್ರತಿ ತಿಂಗಳ 1ನೇ ತಾರೀಖಿನ ಮೇಲೆ ಒಂದು ಪುಟ್ಟ ಕೊಡ ಕೂರಿಸೋಣ ಅಂದುಕೊಂಡೆ. ಅವತ್ತು ಎಷ್ಟು ಪಾಲು ನೀರಿದೆಯೋ ಅಷ್ಟು ಕೊಡ ತುಂಬಿರಬೇಕು.

ನಾನು ಬಳಸಿದ್ದು ಮ್ಯಾಟ್‌ಪ್ಲಾಟ್‌ಲಿಬ್, ಪೈಥಾನ್‌ನಲ್ಲಿ ಗ್ರಾಫ್ ಬಿಡಿಸುವ ಲೈಬ್ರರಿ. ಅದರಲ್ಲಿ ಗೆರೆ, ಕಂಬ, ಚುಕ್ಕಿ, ಬಾಣ ಎಲ್ಲ ಇದೆ. ಕೊಡ ಇಲ್ಲ. ಆದರೆ ಅಲ್ಲಿ ತೆರೆಯ ಮೇಲೆ ಕಾಣುವ ಪ್ರತಿಯೊಂದೂ ‘ಆರ್ಟಿಸ್ಟ್’ ಎಂಬ ಕ್ಲಾಸ್‌ನ ಮಕ್ಕಳೇ. ನಾವೂ ಅದರಿಂದ ಒಂದು ಕ್ಲಾಸ್ ಮಾಡಿ, ಅದರೊಳಗೆ ‘ಡ್ರಾ’ ಎಂಬ ಮೆಥಡ್ ಬರೆದರೆ ಮುಗಿಯಿತು. ಬರೆಯಲು ಅರ್ಧ ಗಂಟೆ ಹಿಡಿಯಿತು. ಸರಿ ಮಾಡಲು ಮೂರು ಸಂಜೆ. ಆ ಮೂರು ಸಂಜೆಯ ಲೆಕ್ಕ ಇದು. ನಿಮ್ಮದು ಕೊಡ ಆಗಬೇಕಿಲ್ಲ. ಗಾಳಿಪಟ ಆಗಲಿ, ಥರ್ಮಾಮೀಟರ್ ಆಗಲಿ, ದೋಷಗಳು ಇವೇ.

(ಮೆಥಡ್ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಕೋಡ್‌ನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ.)

ಮೊದಲು ಒಂದು ಸಾಕ್ಷಿ ಇಡಿ

ಏನೇ ತಪ್ಪು ಕಂಡರೂ ಮೊದಲು ಇದೊಂದು ಕೆಲಸ ಮಾಡಿ. ಕೊಡ ಎಲ್ಲಿ ಬರಬೇಕೋ ಅದೇ ಜಾಗದಲ್ಲಿ, ಅದೇ ದಿನಾಂಕ, ಅದೇ ಅಡಿಗೆ, ಲೈಬ್ರರಿಯದೇ ಒಂದು ಕೆಂಪು ಚುಕ್ಕಿ ಇಡಿ. ಮಾಮೂಲಿ ‘ಪ್ಲಾಟ್’ ಮೆಥಡ್ ಸಾಕು. ಅದು ಸಾಕ್ಷಿ. ಚುಕ್ಕಿಯೂ ಕೊಡವೂ ಒಂದೇ ಕಡೆ ಇದ್ದರೆ ಜಾಗದ ಲೆಕ್ಕ ಸರಿ ಇದೆ. ಚುಕ್ಕಿ ಒಂದು ಕಡೆ, ಕೊಡ ಒಂದು ಕಡೆ ಇದ್ದರೆ ತಪ್ಪು ನಮ್ಮ ಕ್ಲಾಸ್‌ನಲ್ಲಿದೆ. ಎರಡೂ ತಪ್ಪು ಜಾಗದಲ್ಲಿದ್ದರೆ ತಪ್ಪು ನಾವು ಕೊಟ್ಟ ಅಂಕಿಗಳಲ್ಲಿ.

ಇನ್ನೊಂದು ಸಾಧ್ಯತೆಯೂ ಇದೆ. ಚುಕ್ಕಿ ಇಟ್ಟ ಕೂಡಲೇ ಅಲ್ಲಿಯವರೆಗೂ ಕಾಣದ ಕೊಡ ತಟ್ಟನೆ ಕಾಣಿಸಿಕೊಳ್ಳಬಹುದು! ನನಗೆ ಹಾಗೇ ಆಗಿದ್ದು. ಅದಕ್ಕೆ ಕಾರಣ ಕೆಳಗಿದೆ.

ಕೊಡ ಕಾಣುತ್ತಲೇ ಇಲ್ಲ, ಎರರ್ ಕೂಡ ಇಲ್ಲ

‘ಡ್ರಾ’ ಮೆಥಡ್‌ನ ಮೊದಲ ಸಾಲಿನಲ್ಲಿ ಸುಮ್ನೆ ಒಂದು ‘ಪ್ರಿಂಟ್’ ಹಾಕಿ. ಓಡಿಸಿ ನೋಡಿ.

ಪ್ರಿಂಟ್ ಆಗದಿದ್ದರೆ ನಿಮ್ಮ ಡ್ರಾವನ್ನು ಯಾರೂ ಕರೆಯುತ್ತಿಲ್ಲ. ‘ಆ್ಯಡ್_ಆರ್ಟಿಸ್ಟ್’ ಮರೆತಿರಬಹುದು. ಕೊಡ ಸೃಷ್ಟಿಸಿದ ಮಾತ್ರಕ್ಕೆ ಅದು ಗ್ರಾಫಿಗೆ ಸೇರುವುದಿಲ್ಲ. ಅಥವಾ ಎಲ್ಲಿಂದಲೋ ಕಾಪಿ ಮಾಡಿದ ಕೋಡ್‌ನಲ್ಲಿ ‘ಆ್ಯನಿಮೇಟೆಡ್’ ಎಂಬುದು ಟ್ರೂ ಆಗಿ ಕೂತಿರಬಹುದು. ಇದು ಕಳ್ಳ ದೋಷ. ಹಾಗಿದ್ದಾಗ ತೆರೆಯ ಮೇಲೆ ಮಾಮೂಲಿ ಚಿತ್ರಣದಲ್ಲಿ ಅದನ್ನು ಬಿಟ್ಟುಬಿಡುತ್ತಾರೆ, ಫೈಲಿಗೆ ಸೇವ್ ಮಾಡಿದಾಗ ಮಾತ್ರ ಬರೆಯುತ್ತಾರೆ. ತೆರೆಯಲ್ಲಿ ಇಲ್ಲ, ಫೈಲ್‌ನಲ್ಲಿ ಇದೆ ಅಂದರೆ ಮೊದಲು ಅದನ್ನೇ ನೋಡಿ.

ಪ್ರಿಂಟ್ ಆಗಿಯೂ ಕೊಡ ಕಾಣದಿದ್ದರೆ, ಬಹುತೇಕ ಅದು ಚೌಕಟ್ಟಿನ ಆಚೆ ಇದೆ. ನಾನು ಪರೀಕ್ಷೆಗೆಂದು ಮಟ್ಟದ ಗೆರೆಯನ್ನು ತೆಗೆದು ಒಂದೇ ಒಂದು ಕೊಡ ಉಳಿಸಿಕೊಂಡಿದ್ದೆ. ಗೆರೆ ಹೋದ ಕೂಡಲೇ ಕೊಡವೂ ಮಾಯ. ಯಾಕೆ? ‘ಪ್ಲಾಟ್’ ಕರೆದಾಗ ಲೈಬ್ರರಿ ಅಂಕಿಗಳನ್ನು ನೋಡಿ ಅಕ್ಷಗಳ ಮಿತಿಯನ್ನು ಹಿಗ್ಗಿಸುತ್ತದೆ. ‘ಆ್ಯಡ್_ಆರ್ಟಿಸ್ಟ್’ ಹಾಗೆ ಮಾಡುವುದಿಲ್ಲ. ನಿಮ್ಮ ಕ್ಲಾಸ್‌ನ ಒಳಗೆ ಏನಿದೆ ಅಂತ ಅದಕ್ಕೆ ಗೊತ್ತೇ ಇಲ್ಲ, ಅಲ್ವಾ? ಹಾಗಾಗಿ ಎರಡೂ ಅಕ್ಷ 0ಯಿಂದ 1ರವರೆಗೇ ಉಳಿಯುತ್ತವೆ. ಕೊಡ 110 ಅಡಿಯ ಹತ್ತಿರ ಎಲ್ಲೋ ಕೂತಿರುತ್ತದೆ. ಸಾಕ್ಷಿ ಚುಕ್ಕಿ ಇಟ್ಟಾಗ ಅದು ಕಾಣಿಸಿಕೊಂಡಿದ್ದಕ್ಕೂ ಇದೇ ಕಾರಣ: ಚುಕ್ಕಿ ಅಕ್ಷವನ್ನು ಹಿಗ್ಗಿಸಿತು. ಪರಿಹಾರ: ಕೊಡ ಸೇರಿಸಿದ ಮೇಲೆ ‘ಅಪ್‌ಡೇಟ್_ಡೇಟಾಲಿಮ್’ಗೆ ಅದರ ಜಾಗ ಕೊಟ್ಟು ‘ಆಟೋಸ್ಕೇಲ್_ವ್ಯೂ’ ಕರೆಯಿರಿ. ‘ರೀಲಿಮ್’ ಇದೆಯಲ್ಲ ಅಂತ ನಂಬಬೇಡಿ. ಅದು ತನಗೆ ಪರಿಚಯ ಇರುವ ಗೆರೆ, ಪ್ಯಾಚ್ (ಚೌಕ, ವೃತ್ತದಂಥ ಆಕಾರ) ಇಂಥವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ದಿನಾಂಕ ಇದ್ದರೆ ಇನ್ನೊಂದು ಗುಂಡಿ ಇದೆ. ಪ್ಲಾಟ್, ಸ್ಕ್ಯಾಟರ್ ಇವು ದಿನಾಂಕವನ್ನು ಸದ್ದಿಲ್ಲದೆ ಸಂಖ್ಯೆಯಾಗಿ ಬದಲಿಸಿಕೊಳ್ಳುತ್ತವೆ. ನಿಮ್ಮ ಕ್ಲಾಸ್‌ನಲ್ಲಿ ಆ ಕೆಲಸ ನಿಮ್ಮದೇ. ‘ಕನ್ವರ್ಟ್_ಎಕ್ಸ್‌ಯೂನಿಟ್ಸ್’ ಕರೆದುಬಿಡಿ, ಕೈಯಾರೆ ಲೆಕ್ಕ ಹಾಕಬೇಡಿ. ಮ್ಯಾಟ್‌ಪ್ಲಾಟ್‌ಲಿಬ್ 3.3ರಿಂದ ದಿನಗಳ ಎಣಿಕೆ 1970ರ ಜನವರಿ 1ರಿಂದ ಶುರು. ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಕ್ರಿ.ಶ. 1ನೇ ವರ್ಷದಿಂದ ಎಣಿಸುತ್ತಿದ್ದರು. 2020ರ ಜನವರಿ 1 ಅಂದರೆ ಹಳೇ ಲೆಕ್ಕದಲ್ಲಿ 737425. ಆ ಸಂಖ್ಯೆಯನ್ನು ಹೊಸ ಆವೃತ್ತಿಗೆ ಹಾಗೇ ಕೊಟ್ಟರೆ ಕೊಡ 3989ನೇ ಇಸವಿಗೆ ಹೋಗಿ ಕೂರುತ್ತದೆ. ಹಳೇ ಕೋಡ್ ಕಾಪಿ ಮಾಡಿದವರಿಗೆ ಇದು ಗ್ಯಾರಂಟಿ.

ಜಾಗ ಸರಿ ಇದ್ದೂ ಕಾಣದಿದ್ದರೆ ಏನೋ ಅದನ್ನು ಮುಚ್ಚಿದೆ. ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದನ್ನು ‘ಝಡ್‌ಆರ್ಡರ್’ ನಿರ್ಧರಿಸುತ್ತದೆ. ಪ್ಯಾಚ್‌ಗಳಿಗೆ 1, ಗೆರೆಗೆ 2, ಅಕ್ಷರಕ್ಕೆ 3. ನೀವು ಏನೂ ಹೇಳದಿದ್ದರೆ ನಿಮ್ಮ ಆರ್ಟಿಸ್ಟ್‌ಗೆ ಸಿಗುವುದು 0. ಅಂದರೆ ಎಲ್ಲರ ಕಾಲ ಕೆಳಗೆ. ಗ್ರಿಡ್ ಗೆರೆಯೂ ಕೊಡದ ಮೇಲೆ ಹಾದುಹೋಗುತ್ತದೆ. ನಾನು 2.5 ಇಟ್ಟೆ.

ತೆರೆಯಲ್ಲಿ ಸರಿ, ಫೈಲ್‌ನಲ್ಲಿ ತಪ್ಪು

ಇದು ನನ್ನ ಎರಡು ಸಂಜೆ ತಿಂದ ದೋಷ. ಸ್ವಂತ ಚಿತ್ರ ಸೇರಿಸುವವರು ಮಾಡುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇದರದೇ ಸಂತಾನ ಅಂತ ನನ್ನ ಅನಿಸಿಕೆ. ಹಾಗಾಗಿ ಇದನ್ನು ನಿಧಾನವಾಗಿ ನೋಡೋಣ.

ಲಕ್ಷಣ ಹೀಗಿತ್ತು. ತೆರೆಯ ಮೇಲೆ ಕೊಡ ಗ್ರಾಫಿನ ನಟ್ಟನಡುವೆ ಚೆನ್ನಾಗಿ ಕೂತಿತ್ತು. 300 ಡಿಪಿಐಗೆ (ಡಿಪಿಐ ಅಂದರೆ ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ) ಪಿಎನ್‌ಜಿ ಸೇವ್ ಮಾಡಿದೆ. ಕೊಡ ಎಡಗಡೆ ಕೆಳಮೂಲೆಗೆ ಹೋಗಿತ್ತು, ಚಿಕ್ಕದಾಗಿಯೂ ಆಗಿತ್ತು. ಪಿಡಿಎಫ್ ಮಾಡಿದೆ. ಈಗ ಬಲಗಡೆ ಮೇಲಕ್ಕೆ ಸರಿದಿತ್ತು. ಗೆಳೆಯನಿಗೆ ಕೋಡ್ ಕಳಿಸಿದೆ. ಅವನ ದುಬಾರಿ ಲ್ಯಾಪ್‌ಟಾಪ್‌ನ ತೆರೆಯಲ್ಲೂ ಕೆಳಮೂಲೆ! “ನಿನ್ನ ಕೊಡಕ್ಕೆ ಕಾಲು ಬಂದಿದೆ ಕಣೋ” ಅಂದ.

ಲೆಕ್ಕ ಹಾಕಿ ನೋಡಿದಾಗ ಗೊತ್ತಾಯಿತು. ಮಾಮೂಲಿ ಚಿತ್ರದ ಅಳತೆ 6.4 × 4.8 ಇಂಚು, ಡಿಪಿಐ 100. ಅಂದರೆ 640 × 480 ಪಿಕ್ಸೆಲ್. ನಡುಮಧ್ಯ 320, 240. ನಾನು ಕೊಡ ಸೃಷ್ಟಿಯಾಗುವಾಗಲೇ, ಅಂದರೆ ‘ಇನಿಟ್’ ಒಳಗೇ, ‘ಟ್ರಾನ್ಸ್‌ಡೇಟಾ’ ಬಳಸಿ ದಿನಾಂಕ ಮತ್ತು ಅಡಿಯನ್ನು ಪಿಕ್ಸೆಲ್‌ಗೆ ಬದಲಿಸಿ ಜೋಪಾನವಾಗಿ ಇಟ್ಟುಕೊಂಡಿದ್ದೆ. ಪ್ರತಿ ಸಲ ಲೆಕ್ಕ ಯಾಕೆ, ಒಂದೇ ಸಲ ಮಾಡಿದರೆ ಸಾಲದೇ ಅಂತ. 300 ಡಿಪಿಐನಲ್ಲಿ ಚಿತ್ರ 1920 × 1440 ಆಗುತ್ತದೆ. ಅಲ್ಲಿ 320 ಅಂದರೆ ಅಗಲದ ಆರನೇ ಒಂದು ಭಾಗ. ಕೆಳಮೂಲೆ! ಪಿಡಿಎಫ್ ಬರೆಯುವವ ಇಂಚಿಗೆ 72ರ ಲೆಕ್ಕ ಹಿಡಿಯುತ್ತಾನೆ. ಅಲ್ಲಿ ಇಡೀ ಅಗಲ 460.8 ಮಾತ್ರ, 320 ಅಂದರೆ ಸುಮಾರು 70 ಪರ್ಸೆಂಟ್ ದೂರ. ಬಲಕ್ಕೆ ಸರಿದದ್ದು ಹೀಗೆ. ಗೆಳೆಯನ ತೆರೆ ಒಂದು ಪಿಕ್ಸೆಲ್ ಜಾಗದಲ್ಲಿ ನಾಲ್ಕು ತುಂಬುವ ಜಾತಿಯದು. ಅಲ್ಲಿ ಡಿಪಿಐ ಎರಡರಷ್ಟಾಗುತ್ತದೆ.

ಈ ದೋಷ ಹಿಡಿಯುವ ಪರೀಕ್ಷೆ ಸುಲಭ. ಒಂದೇ ಚಿತ್ರವನ್ನು 50, 100, 200 ಡಿಪಿಐಗೆ ಸೇವ್ ಮಾಡಿ ಪಕ್ಕಪಕ್ಕ ಇಡಿ. ಡಿಪಿಐ ಏರಿದ ಹಾಗೆ ನಿಮ್ಮ ಚಿತ್ರ ಕೆಳಗಿನ ಎಡಮೂಲೆಯ ಕಡೆಗೆ ನಡೆದುಕೊಂಡು ಹೋದರೆ, ಎಲ್ಲೋ ಪಿಕ್ಸೆಲ್ ಬಚ್ಚಿಟ್ಟುಕೊಂಡಿದ್ದೀರಿ. ಜಾಗ ಸರಿ ಇದ್ದು ಗಾತ್ರ ಮಾತ್ರ ಕುಗ್ಗಿದರೆ, ಗಾತ್ರವನ್ನು ಪಿಕ್ಸೆಲ್‌ನಲ್ಲಿ ಇಟ್ಟಿದ್ದೀರಿ.

ಡಿಪಿಐ ಬದಲಿಸದೆ ಇದ್ದರೂ ಪಾರಾಗುವುದಿಲ್ಲ. ಆವೃತ್ತಿ 3.2ರಿಂದ ಅಕ್ಷಗಳ ಮಿತಿಯನ್ನು ಲೈಬ್ರರಿ ತಕ್ಷಣ ಲೆಕ್ಕ ಹಾಕುವುದಿಲ್ಲ. ಯಾರಾದರೂ ಕೇಳಿದಾಗ, ಇಲ್ಲವೇ ಚಿತ್ರ ಬಿಡಿಸುವಾಗ ಹಾಕುತ್ತದೆ. ನೀವು ನೇರವಾಗಿ ‘ಟ್ರಾನ್ಸ್‌ಡೇಟಾ’ದಿಂದ ಪಿಕ್ಸೆಲ್ ಕೇಳಿದರೆ ಆ ಲೆಕ್ಕ ಆಗಿಯೇ ಇರುವುದಿಲ್ಲ. 0ಯಿಂದ 1ರ ಹಳೇ ಮಿತಿಯ ಪ್ರಕಾರ ಉತ್ತರ ಬರುತ್ತದೆ. ‘ಗೆಟ್_ಎಕ್ಸ್‌ಲಿಮ್’ ಒಮ್ಮೆ ಕರೆದರೆ ಸರಿಹೋಗುತ್ತದೆ ಅಂತ ಒಂದು ಉಪಾಯ ಓಡಾಡುತ್ತದೆ. ಅದು ಗಾಯಕ್ಕೆ ಅರಿಶಿನ ಹಚ್ಚಿದ ಹಾಗೆ, ಮುಳ್ಳು ಒಳಗೇ ಇರುತ್ತದೆ. ಬಳಕೆದಾರ ಝೂಮ್ ಮಾಡಿದರೆ ಮತ್ತೆ ಅದೇ ಕಥೆ.

ಸರಿಯಾದ ದಾರಿ ಇದು. ಕೊಡದ ಒಳಗೆ ದಿನಾಂಕ ಮತ್ತು ಅಡಿಯನ್ನು ಹಾಗೇ ಇಟ್ಟುಕೊಳ್ಳಿ. ಪಿಕ್ಸೆಲ್ ಲೆಕ್ಕವನ್ನು ‘ಡ್ರಾ’ ಒಳಗೆ, ಪ್ರತಿ ಸಲ ಹೊಸದಾಗಿ ಮಾಡಿ. ಗಾತ್ರವನ್ನು ಪಾಯಿಂಟ್‌ನಲ್ಲಿ ಇಡಿ. ಒಂದು ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ. ನನ್ನ ಕೊಡ 20 ಪಾಯಿಂಟ್ ಎತ್ತರ. ಡ್ರಾಗೆ ಬರುವ ರೆಂಡರರ್‌ಗೆ (ಚಿತ್ರವನ್ನು ನಿಜಕ್ಕೂ ಬಿಡಿಸುವ ಭಾಗ) ‘ಪಾಯಿಂಟ್ಸ್_ಟು_ಪಿಕ್ಸೆಲ್ಸ್’ ಎಂಬ ಮೆಥಡ್ ಇದೆ. 20 ಕೊಟ್ಟರೆ 100 ಡಿಪಿಐಗೆ ಸುಮಾರು 28 ಪಿಕ್ಸೆಲ್, 300ಕ್ಕೆ 83 ಅಂತ ಅದೇ ಹೇಳುತ್ತದೆ. ಕಾಗದದ ಮೇಲೆ ಎರಡೂ ಒಂದೇ ಗಾತ್ರ. ಹನ್ನೆರಡು ಕೊಡಕ್ಕೆ ಹನ್ನೆರಡು ಗುಣಾಕಾರ ಹೆಚ್ಚಾದರೆ ಕಂಪ್ಯೂಟರ್ ಏನೂ ಬೈಯುವುದಿಲ್ಲ.

ಗಾತ್ರವನ್ನೂ ದಿನಾಂಕ-ಅಡಿಯಲ್ಲೇ ಇಟ್ಟರೆ ಆಗದೇ ಅಂತ ಕೇಳಬಹುದು. ಮಾಡಿ ನೋಡಿ. ಅಡ್ಡ ಅಕ್ಷದಲ್ಲಿ 365 ದಿನ, ಉದ್ದ ಅಕ್ಷದಲ್ಲಿ 60 ಅಡಿ. 10 ದಿನ ಅಗಲ, 10 ಅಡಿ ಎತ್ತರದ ಕೊಡ ತೆಳ್ಳಗೆ ಹೂಜಿಯಾಗುತ್ತದೆ. ಝೂಮ್ ಮಾಡಿದರೆ ಬಾಣಲೆಯೂ ಆಗಬಹುದು.

ಝೂಮ್ ಮಾಡಿದರೆ ಕೊಡ ಚೌಕಟ್ಟು ಬಿಟ್ಟು ಹೊರಗೆ ಬರುತ್ತದೆ

‘ಆ್ಯಡ್_ಆರ್ಟಿಸ್ಟ್’ ನಿಮ್ಮ ಕೊಡಕ್ಕೆ ಚೌಕಟ್ಟಿನ ಬೇಲಿ ಹಾಕಿಕೊಡುತ್ತದೆ. ಆದರೆ ಆ ಬೇಲಿಯನ್ನು ಕುಂಚಕ್ಕೆ ತಿಳಿಸಬೇಕಾದವರು ನೀವು. ಡ್ರಾ ಒಳಗೆ ‘ನ್ಯೂ_ಜಿಸಿ’ ಅಂತ ಹೊಸ ಕುಂಚ ತೆಗೆದುಕೊಂಡ ಕೂಡಲೇ ‘_ಸೆಟ್_ಜಿಸಿ_ಕ್ಲಿಪ್’ ಕರೆಯಬೇಕು. ಹೆಸರಿನ ಮುಂದೆ ಅಂಡರ್‌ಸ್ಕೋರ್ ಇದೆ, ಮುಟ್ಟಬಾರದೇನೋ ಅಂತ ನಾನೂ ಹಿಂಜರಿದೆ. ಲೈಬ್ರರಿಯ ಸ್ವಂತ ಗೆರೆ, ಪ್ಯಾಚ್‌ಗಳೂ ಅದನ್ನೇ ಕರೆಯುತ್ತವೆ. ಕೆಲಸ ಮುಗಿದ ಮೇಲೆ ಕುಂಚವನ್ನು ‘ರಿಸ್ಟೋರ್’ ಮಾಡಿ. ಮರೆತರೆ ಕೆಲವು ಬ್ಯಾಕೆಂಡ್‌ಗಳಲ್ಲಿ (ತೆರೆಗೋ ಫೈಲಿಗೋ ಚಿತ್ರ ಇಳಿಸುವ ಒಳಗಿನ ಯಂತ್ರ) ಏನೂ ಆಗುವುದಿಲ್ಲ. ಕೈರೋದಂಥವುಗಳಲ್ಲಿ ನಿಮ್ಮ ನಂತರ ಬಿಡಿಸುವವರಿಗೆ ನಿಮ್ಮ ಬೇಲಿ ಅಂಟಿಕೊಳ್ಳುತ್ತದೆ.

ಕೊಡದ ಒಳಗೆ ಇನ್ನೊಂದು ಆರ್ಟಿಸ್ಟ್ ಇಟ್ಟಿದ್ದೀರಾ? ನಾನು ಪರ್ಸೆಂಟ್ ಬರೆಯಲು ಒಂದು ‘ಟೆಕ್ಸ್ಟ್’ ಇಟ್ಟಿದ್ದೆ. ಆ ಮಗುವಿಗೆ ಏನೂ ತಾನಾಗಿ ಸಿಗುವುದಿಲ್ಲ. ಬೇಲಿ ಇಲ್ಲ, ಯಾವ ಚಿತ್ರಕ್ಕೆ ಸೇರಿದ್ದು ಅಂತ ಗೊತ್ತಿಲ್ಲ, ಅಂಕಿಯನ್ನು ಪಿಕ್ಸೆಲ್‌ಗೆ ಬದಲಿಸುವ ಟ್ರಾನ್ಸ್‌ಫಾರ್ಮ್ ಇಲ್ಲ. ಟ್ರಾನ್ಸ್‌ಫಾರ್ಮ್ ಇಲ್ಲದ ಆರ್ಟಿಸ್ಟ್ ತನ್ನ ಅಂಕಿಗಳನ್ನು ಪಿಕ್ಸೆಲ್ ಅಂದುಕೊಳ್ಳುತ್ತದೆ. ಚಿತ್ರದ ಎಡಗಡೆ ಕೆಳತುದಿಯಲ್ಲಿ ಎಲ್ಲಿಂದಲೋ ಬಂದ ಒಂದು ಪುಟ್ಟ ಗೀಚು ಕಂಡರೆ ಅದು ಇಂಥ ಅನಾಥ ಮಗುವೇ. ‘ಸೆಟ್_ಫಿಗರ್’ ಅನ್ನು ನಿಮ್ಮ ಕ್ಲಾಸ್‌ನಲ್ಲಿ ಮತ್ತೆ ಬರೆದು, ಅಲ್ಲಿಂದ ಮಗುವಿಗೂ ದಾಟಿಸಿ. ಅದರ ಜಾಗ, ಬೇಲಿಗಳನ್ನು ಡ್ರಾ ಒಳಗೆ ನೀವೇ ಹೊಂದಿಸಿ.

ನೀರು ಬದಲಿಸಿದರೂ ಕೊಡ ಬದಲಾಗುತ್ತಿಲ್ಲ

‘ಕ್ಯಾನ್ವಾಸ್’ನ ‘ಡ್ರಾ_ಐಡಲ್’ ಅನ್ನು ಕೈಯಾರೆ ಕರೆದು ನೋಡಿ. ಆಗ ಹೊಸ ಮಟ್ಟ ಕಂಡರೆ ಲೆಕ್ಕ ಸರಿ ಇದೆ, ಸುದ್ದಿ ಮುಟ್ಟಿಲ್ಲ ಅಷ್ಟೇ. ಪ್ರತಿ ಆರ್ಟಿಸ್ಟ್‌ಗೂ ‘ಸ್ಟೇಲ್’ ಎಂಬ ಬಾವುಟ ಇದೆ. “ನಾನು ಹಳಸಿದ್ದೇನೆ, ಮತ್ತೆ ಬಿಡಿಸಿ” ಅನ್ನುವುದು ಅದರ ಅರ್ಥ. ಮಟ್ಟ ಬದಲಿಸುವ ಮೆಥಡ್‌ನ ಕೊನೆಗೆ ಅದನ್ನು ಟ್ರೂ ಮಾಡಿ, ಡ್ರಾದ ಕೊನೆಗೆ ಫಾಲ್ಸ್ ಮಾಡಿ. ಹಾಗೇ, ಕೊಡವನ್ನು ಅಡಗಿಸಲು ‘ಸೆಟ್_ವಿಸಿಬಲ್’ ಫಾಲ್ಸ್ ಕೊಟ್ಟರೂ ಅದು ಅಡಗದಿದ್ದರೆ, ಡ್ರಾದ ಶುರುವಿನಲ್ಲಿ ‘ಗೆಟ್_ವಿಸಿಬಲ್’ ನೋಡುವುದನ್ನು ಮರೆತಿದ್ದೀರಿ. ಅಡಗಿದವರನ್ನೂ ಲೈಬ್ರರಿ ಕರೆಯುತ್ತದೆ. ಸುಮ್ಮನೆ ವಾಪಸ್ ಹೋಗುವುದು ಅವರವರ ಜವಾಬ್ದಾರಿ.

ಅಂಚು ಕತ್ತರಿಸಿ ಸೇವ್ ಮಾಡಿದರೆ ಕೊಡವೂ ಕತ್ತರಿಸಿ ಹೋಗುತ್ತದೆ

ಚೌಕಟ್ಟಿನ ಹೊರಗೆ ಬೇಕೆಂದೇ ಕೊಡ ಇಟ್ಟವರಿಗೆ ಮಾತ್ರ ಈ ತೊಂದರೆ. ‘ಬಿಬಾಕ್ಸ್_ಇಂಚಸ್’ಗೆ ‘ಟೈಟ್’ ಕೊಟ್ಟಾಗ ಲೈಬ್ರರಿ ಪ್ರತಿಯೊಬ್ಬರನ್ನೂ “ನೀನು ಎಷ್ಟು ಜಾಗ ಹಿಡಿದಿದ್ದೀಯ?” ಅಂತ ಕೇಳುತ್ತದೆ. ಉತ್ತರ ಕೊಡಬೇಕಾದ್ದು ‘ಗೆಟ್_ವಿಂಡೋ_ಎಕ್ಸ್‌ಟೆಂಟ್’. ನೀವು ಅದನ್ನು ಬರೆಯದಿದ್ದರೆ ತಾಯಿ ಕ್ಲಾಸ್‌ನ ಉತ್ತರ ಹೋಗುತ್ತದೆ: ಸೊನ್ನೆ. ಸೊನ್ನೆ ಜಾಗದವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬರೆಯುವಾಗ ಉತ್ತರ ಪಿಕ್ಸೆಲ್‌ನಲ್ಲಿರಬೇಕು. ನಾನು ಅಡಿಯಲ್ಲಿ ಕೊಟ್ಟಿದ್ದೆ. ಡ್ರಾ ಒಳಗಿನ ಜಾಗದ ಲೆಕ್ಕವನ್ನೇ ಒಂದು ಪುಟ್ಟ ಮೆಥಡ್ ಮಾಡಿ ಎರಡೂ ಕಡೆ ಕರೆದರೆ ಇಂಥ ಎಡವಟ್ಟು ಆಗುವುದಿಲ್ಲ.

ಲೆಜೆಂಡ್‌ನಲ್ಲಿ ಕೊಡ ಇಲ್ಲ

ಲೆಜೆಂಡ್ ಅಂದರೆ ಯಾವ ಗುರುತು ಏನು ಅಂತ ಹೇಳುವ ಗ್ರಾಫಿನ ಪಟ್ಟಿ. ಲೇಬಲ್ ಕೊಟ್ಟಿದ್ದೀರಿ, ಆದರೂ ಕೊಡ ಅಲ್ಲಿ ಬರುವುದಿಲ್ಲ. ಲೆಜೆಂಡ್ ತಾನಾಗಿ ಹುಡುಕುವುದು ಗೆರೆ, ಪ್ಯಾಚ್, ಕಲೆಕ್ಷನ್ ಇಂಥವನ್ನು. ನೇರ ಆರ್ಟಿಸ್ಟ್‌ನಿಂದ ಬಂದ ಕ್ಲಾಸ್ ಅದರ ಕಣ್ಣಿಗೆ ಬೀಳುವುದಿಲ್ಲ. ‘ಹ್ಯಾಂಡಲ್ಸ್’ ಎಂದು ಕೈಯಾರೆ ಕೊಟ್ಟರೆ, ಈ ಜಾತಿಯನ್ನು ಬಿಡಿಸಲು ಬರುವುದಿಲ್ಲ, ಬದಲಿಗೆ ಬೇರೆ ಯಾರನ್ನಾದರೂ ನಿಲ್ಲಿಸಿ ಅಂತ ಎಚ್ಚರಿಕೆ ಕೊಡುತ್ತದೆ. ಆ ಸಲಹೆಯೇ ಸರಿ. ನೀಲಿ ಬಣ್ಣದ ಒಂದು ಪ್ಯಾಚ್ ಮಾಡಿ ಕೊಡದ ಹೆಸರಲ್ಲಿ ಲೆಜೆಂಡ್‌ಗೆ ಕೊಡಿ, ಎರಡು ಸಾಲಿನ ಕೆಲಸ. ಕೊಡದ ಆಕಾರವೇ ಬೇಕು ಅಂತ ಹಟ ಇದ್ದರೆ ‘ಹ್ಯಾಂಡ್ಲರ್‌ಬೇಸ್’ನಿಂದ ಕ್ಲಾಸ್ ಮಾಡಿ ‘ಕ್ರಿಯೇಟ್_ಆರ್ಟಿಸ್ಟ್ಸ್’ ಬರೆದು ‘ಹ್ಯಾಂಡ್ಲರ್_ಮ್ಯಾಪ್’ನಲ್ಲಿ ಸೇರಿಸಬೇಕು. ಅದು ಪಟ್ಟಿಯನ್ನೇ ವಾಪಸ್ ಕೊಡಬೇಕು, ಒಂದೇ ಚಿತ್ರ ಇದ್ದರೂ. ಬಂದ ಟ್ರಾನ್ಸ್‌ಫಾರ್ಮ್ ಅನ್ನು ಅದಕ್ಕೆ ಹಚ್ಚಲು ಮರೆತರೆ ಮತ್ತೆ ಅದೇ ಕೆಳಮೂಲೆಯ ಗೀಚು.

ಒಂದೇ ಕೊಡವನ್ನು ಎರಡು ಗ್ರಾಫ್‌ಗೆ ಸೇರಿಸಲು ಹೋಗಬೇಡಿ. ಅಲ್ಲಿ ಎರರ್ ನೇರವಾಗಿಯೇ ಬರುತ್ತದೆ. ಇನ್ನೊಂದು ಕೊಡ ಮಾಡಿ.

ಕೊಡದ ಕೆಳಗೆ ಕನ್ನಡ ಬರೆದರೆ

ಕೆಆರ್‌ಎಸ್ ಆದ ಮೇಲೆ ಲಿಂಗನಮಕ್ಕಿ, ಆಲಮಟ್ಟಿಗಳಿಗೂ ಕೊಡ ಇಟ್ಟೆ. ಅಲ್ಲಿ ಮಟ್ಟದ ಲೆಕ್ಕವೇ ಬೇರೆ. ಲಿಂಗನಮಕ್ಕಿ ತುಂಬಿದರೆ ಸಮುದ್ರಮಟ್ಟದಿಂದ 1819 ಅಡಿ, ಆಲಮಟ್ಟಿಗೆ 519.60 ಮೀಟರ್. ಒಂದೇ ಅಕ್ಷಕ್ಕೆ ಬರದವರನ್ನು ಪಕ್ಕಪಕ್ಕ ಕೂರಿಸಲು ಕೊಡವೇ ಸರಿ. ಆದರೆ ಯಾವ ಕೊಡ ಯಾವುದು ಅಂತ ಹೆಸರು ಬರೆಯಬೇಕಲ್ಲ.

ಮೊದಲ ಲಕ್ಷಣ: ಹೆಸರಿನ ಬದಲು ಖಾಲಿ ಚೌಕಗಳು, ಟರ್ಮಿನಲ್‌ನಲ್ಲಿ ‘ಗ್ಲಿಫ್ 3221 ಮಿಸ್ಸಿಂಗ್’ ಎಂಬಂಥ ಎಚ್ಚರಿಕೆಗಳ ಸಾಲು. 3221 ಅಂದರೆ ನಮ್ಮ ‘ಕ’ದ ಯೂನಿಕೋಡ್ ಸಂಖ್ಯೆ. ಲೈಬ್ರರಿಯ ಜೊತೆಗೇ ಬರುವ ಡೆಜಾವು ಫಾಂಟ್‌ನಲ್ಲಿ ಕನ್ನಡ ಇಲ್ಲ. ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟ್ ಹಾಕಿ, ಅದರ ಹೆಸರು ಕೊಟ್ಟರೆ ಚೌಕಗಳು ಹೋಗುತ್ತವೆ.

ಆಗ ಎರಡನೆಯ ಲಕ್ಷಣ ಶುರು. ‘ಆಲಮಟ್ಟಿ’ಯ ಒತ್ತು ಕೆಳಗಿಳಿಯುವುದಿಲ್ಲ. ಟ, ಅರ್ಧಾಕ್ಷರದ ಗುರುತು, ಮತ್ತೊಂದು ಟ, ಗುಡಿಸು, ಎಲ್ಲ ಸಾಲಾಗಿ ನಿಂತಿರುತ್ತವೆ. ಒತ್ತಕ್ಷರವೇ ಇಲ್ಲದ ‘ಕಬಿನಿ’ಗೂ ಬಿಡುಗಡೆ ಇಲ್ಲ, ಗುಡಿಸು ಅಕ್ಷರದ ಜೊತೆ ಬೆರೆಯುವುದಿಲ್ಲ. ಇದು ನಿಮ್ಮ ಕ್ಲಾಸ್‌ನ ತಪ್ಪಲ್ಲ, ಫಾಂಟ್‌ನದೂ ಅಲ್ಲ. 3.10ರವರೆಗಿನ ಮ್ಯಾಟ್‌ಪ್ಲಾಟ್‌ಲಿಬ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತದೆಯೇ ಹೊರತು, ನಮ್ಮ ಲಿಪಿಗೆ ಬೇಕಾದ ಹಾಗೆ ಬೆಸೆಯುವುದಿಲ್ಲ. ಸಾಕ್ಷಿ ಪರೀಕ್ಷೆ ಇಲ್ಲೂ ಆಗುತ್ತದೆ: ಅದೇ ಹೆಸರನ್ನು ಮಾಮೂಲಿ ‘ಟೈಟಲ್’ನಲ್ಲಿ ಬರೆಯಿರಿ, ಅಲ್ಲೂ ಒಡೆದೇ ಬರುತ್ತದೆ.

ನಾನು ಹಿಡಿದ ದಾರಿ ಎಸ್‌ವಿಜಿ, ಬ್ರೌಸರ್‌ನಲ್ಲೇ ತೆರೆಯುವ ಒಂದು ಬಗೆಯ ಚಿತ್ರದ ಫೈಲ್. ಸೆಟ್ಟಿಂಗ್‌ಗಳಲ್ಲಿ ‘ಎಸ್‌ವಿಜಿ.ಫಾಂಟ್‌ಟೈಪ್’ ಎಂಬುದನ್ನು ‘ನನ್’ ಎಂದು ಬದಲಿಸಿ ಎಸ್‌ವಿಜಿ ಫೈಲ್ ಸೇವ್ ಮಾಡಿದರೆ ಅಕ್ಷರಗಳು ಚಿತ್ರವಾಗದೆ ಅಕ್ಷರಗಳಾಗಿಯೇ ಫೈಲ್‌ಗೆ ಹೋಗುತ್ತವೆ. ಅದನ್ನು ಬ್ರೌಸರ್‌ನಲ್ಲಿ ತೆರೆದಾಗ ಬೆಸೆಯುವ ಕೆಲಸ ಬ್ರೌಸರ್ ಮಾಡುತ್ತದೆ. ನೋಡುವವರ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇರಬೇಕು ಅಷ್ಟೇ. ಪಿಎನ್‌ಜಿ ಬೇಕಾದರೆ ಆ ಎಸ್‌ವಿಜಿಯನ್ನು ಬ್ರೌಸರ್‌ನಲ್ಲಿ ತೆರೆದು ಸ್ಕ್ರೀನ್‌ಶಾಟ್ ತೆಗೆಯುತ್ತೇನೆ. ಹೆಸರಿನ ಅಗಲವನ್ನು ಲೈಬ್ರರಿ ಒಡೆದ ಅಕ್ಷರಗಳ ಪ್ರಕಾರ ಅಳೆದಿರುತ್ತದೆ. ಆ ಅಳತೆ ನೋಡಿ ಹೆಸರಿನ ಸುತ್ತ ಚೌಕ ಹಾಕಿದರೆ ಬಲಗಡೆ ಖಾಲಿ ಜಾಗ ಉಳಿಯುತ್ತದೆ. ನಾನು ಚೌಕ ಹಾಕುವುದನ್ನೇ ಬಿಟ್ಟೆ.